ಹತ್ತು ಮೀಟರ್ ಏರ್ ರೈಫಲ್: ಟ್ರಿಗರ್ ಕರಕರ ಅನ್ನುತ್ತಿದೆ, ಸಿಯರ್ ತಿಕ್ಕಿಸಬಹುದೇ?

ಕೋಡಿಬಾಗ ಟೇಲರ್ (ಕಾರವಾರ):

ಎಲ್ಲರಿಗೂ ನಮಸ್ಕಾರ. ಹೊಲಿಗೆ ಮಷಿನ್ ಬಿಟ್ಟರೆ ಬೇರೆ ಯಂತ್ರಕ್ಕೆ ಕೈ ಹಾಕಿದವಳಲ್ಲ ನಾನು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಮಗಳು ಫಸ್ಟ್ ಪಿಯುಸಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅವಳಿಗೆ ಇದೇ ಧ್ಯಾನ. ಮನು ಅವರದ್ದು ಪಿಸ್ತೂಲು. ಇವಳು ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ಹಿಡಿದವಳು, ರೈಫಲ್ಲೇ ಬೇಕು ಅಂದಳು. ಆಟ ಬಿಟ್ಟ ಒಬ್ಬರ ಹತ್ತಿರ ಹಳೇ ಮ್ಯಾಚ್ ಏರ್ ರೈಫಲ್ ತಕೊಂಡೆವು. ಸಿಲಿಂಡರಿಗೆ ಗಾಳಿ ತುಂಬಿಸುವ ನಮೂನೆಯದ್ದು. ಮನೆಯ ಮಾಳಿಗೆಯ ಉದ್ದದ ಜಗಲಿಯಲ್ಲಿ 10 ಮೀಟರ್ ಅಳೆದು, ಕಾರ್ಡಿನ ಹಿಂದೆ ದಪ್ಪ ಹಲಗೆ ಇಟ್ಟು, ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಾಳೆ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಕೋಚ್ ಹತ್ತಿರ ಹೋಗುತ್ತಾಳೆ.

ತೊಂದರೆ ಏನೆಂದರೆ, ಟ್ರಿಗರನ್ನು ಮೊದಲು ಹಗುರಕ್ಕೆ ಎಳೆದರೆ ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಂದ ಸ್ವಲ್ಪ ಒತ್ತಿದರೆ ಪಟ್ಟನೆ ಬಿಡಬೇಕಂತೆ. ಇದು ಬಿಡುವುದಿಲ್ಲ. ಸ್ವಲ್ಪ ಜಾರುತ್ತದೆ, ನಿಲ್ಲುತ್ತದೆ, ಇನ್ನೊಂಚೂರು ಜಾರುತ್ತದೆ, ಆಮೇಲೆ ಬಿಡುತ್ತದೆ. ನಾನೂ ಬೆರಳಿಟ್ಟು ನೋಡಿದೆ. ಬಾಬಿನ್ ಕೇಸಿನಲ್ಲಿ ನೂಲಿನ ಜುಂಗು ಸಿಕ್ಕಿದಾಗ ಕೈಗೆ ಒಂಥರ ಗೊತ್ತಾಗುತ್ತದಲ್ಲ, ಅದೇ ಕರಕರ. ಮಳೆಗಾಲಕ್ಕೆ ಮುಂಚೆ ಇಷ್ಟು ಇರಲಿಲ್ಲ. ಹತ್ತು ಬರಬೇಕಾದ ಏಟು ಬಲಕ್ಕೆ ಎಂಟಕ್ಕೆ ಹೋಗುತ್ತದೆ, ಎಲ್ಲವೂ ಅಲ್ಲ, ನಡುನಡುವೆ.

ನಮ್ಮ ಕಡೆ ಬೆಳೆ ಕಾಯುವ ಕೋವಿ ರಿಪೇರಿ ಮಾಡುವವರೊಬ್ಬರು ಇದ್ದಾರೆ. ಒಳಗೆ ಸಿಯರ್ ಅಂತ ಇರುತ್ತದೆ, ಅದನ್ನು ಪಾಲಿಶ್ ಪೇಪರಿನಲ್ಲಿ ತಿಕ್ಕಿ ನುಣ್ಣಗೆ ಮಾಡಿಕೊಡುತ್ತೇನೆ ಅಂದರು. ಕೊಡಲೋ ಬೇಡವೋ? ಟ್ರಿಗರ್ ಎಷ್ಟು ಗ್ರಾಂ ಇದೆ ಅಂತ ಮನೆಯಲ್ಲೇ ತೂಗಲು ಬರುತ್ತದೆಯೇ? ಹೊಲಿಗೆ ಮಷಿನ್ ಎಣ್ಣೆ ಹಾಕಬಹುದೇ?


ಬೈತಖೋಲ್ ಹುಡುಗ:

ಅಕ್ಕ, ಟ್ರಿಗರ್ ವೇಟ್, ಅಂದರೆ ಅದು ಬಿಡಲು ಬೇಕಾಗುವ ಒತ್ತು, ಇಳಿಸಿಬಿಡಿ, ಎಲ್ಲ ಸರಿಯಾಗುತ್ತದೆ. ಏರ್ ಪಿಸ್ತೂಲಿಗಾದರೆ ಕಡಿಮೆ ಅಂದರೂ 500 ಗ್ರಾಂ ಇರಲೇಬೇಕು ಅನ್ನುವ ರೂಲ್ ಇದೆ. ಏರ್ ರೈಫಲ್ಲಿಗೆ ಅಂಥ ಮಿತಿ ಇಲ್ಲ. ನಾನು ಎಷ್ಟು ಕಡಿಮೆ ಆಗುತ್ತದೋ ಅಷ್ಟಕ್ಕೆ ಇಟ್ಟಿದ್ದೇನೆ, ಬೆರಳು ತಾಗಿದರೆ ಹೋಗುತ್ತದೆ.


ಗಡಿಯಾರದಂಗಡಿ (ಶಿರಸಿ):

ತಂಗಿ, ಮೊದಲು ಆ ಕೋವಿ ರಿಪೇರಿಯವರಿಗೆ ಬೇಡ ಅಂತ ಫೋನ್ ಮಾಡಿ. ಉಳಿದದ್ದು ನಿಧಾನಕ್ಕೆ ನೋಡುವ.

ನಾನು ಕೈಗಡಿಯಾರ ರಿಪೇರಿ ಮಾಡುವವನು. ಕಣ್ಣಿಗೆ ಭೂತಗನ್ನಡಿ ಹಾಕಿ ಕೂರುವವನಿಗೆ ಇದೂ ಬಂದೀತು ಅಂತ ಈ ಭಾಗದ ಮಕ್ಕಳು ಏರ್ ರೈಫಲ್ ಟ್ರಿಗರ್ ತಂದುಕೊಡುತ್ತಾರೆ, ವರ್ಷಗಳಿಂದ ನಡೆದು ಬಂದಿದೆ. ಹಾಗೆ ಬಂದವುಗಳಲ್ಲಿ ಜೀವ ಹೋದದ್ದು ಅಂದರೆ ತಿಕ್ಕಿಸಿಕೊಂಡು ಬಂದವೇ.

ಸಿಯರ್ ಅಂದರೆ ಎರಡು ಉಕ್ಕಿನ ಅಂಚು ಒಂದರ ಮೇಲೊಂದು ಕೂತಿರುವ ಜಾಗ. ಟ್ರಿಗರ್ ಎಳೆದಾಗ ಒಂದು ಅಂಚು ಇನ್ನೊಂದರ ಕೆಳಗಿಂದ ಸರಿಯುತ್ತದೆ, ಅದು ತಡೆದು ಹಿಡಿದ ಸುತ್ತಿಗೆ ಸ್ಪ್ರಿಂಗಿನ ಬಲಕ್ಕೆ ಮುಂದೆ ಹಾರುತ್ತದೆ, ವಾಲ್ವಿಗೆ ಬಡಿದು ಗಾಳಿ ಬಿಡಿಸುತ್ತದೆ. ನಿಮ್ಮಂಥ ಮ್ಯಾಚ್ ರೈಫಲ್ಲಿನಲ್ಲಿ ಆ ಎರಡು ಅಂಚು ಒಂದರ ಮೇಲೊಂದು ಕೂರುವುದು ಮಿಲಿಮೀಟರಿನ ಸಣ್ಣ ಪಾಲಿನಷ್ಟು ಮಾತ್ರ. ಅಂಚಿಗೆ ಒಂದು ಕೋನ ಇರುತ್ತದೆ, ಮೇಲ್ಮೈ ಗಟ್ಟಿಮಾಡಿರುತ್ತಾರೆ. ಎಷ್ಟೋ ಮಾದರಿಗಳಲ್ಲಿ ಆ ಗಟ್ಟಿ ಪದರ ತೆಳ್ಳಗೆ ಮೇಲಷ್ಟೇ. ಪೇಪರ್ ಹಿಡಿದು ಕೈಯಲ್ಲಿ ತಿಕ್ಕಿದರೆ ಅಂಚು ದುಂಡಗಾಗುತ್ತದೆ, ಪದರ ಹೋಗುತ್ತದೆ. ಮೊದಲ ವಾರ ಬೆಣ್ಣೆ ಅನಿಸುತ್ತದೆ. ಆಮೇಲೆ ಒಳಗಿನ ಮೆತ್ತಗಿನ ಉಕ್ಕು ಸವೆಯುತ್ತ, ಇವತ್ತು ಒಂದು ತೂಕ, ನಾಳೆ ಇನ್ನೊಂದು. ಕೊನೆಗೆ ಗುಂಡು ತುಂಬಿ ಮುಚ್ಚುವ ಬೋಲ್ಟ್ ಜೋರಾಗಿ ಹಾಕಿದರೆ ಬೆರಳು ತಾಗದೆ ಹಾರುತ್ತದೆ. ಹದಿನಾರು ಹದಿನೇಳರ ಹುಡುಗಿ ಕೈಯಲ್ಲಿ ಅಂಥದ್ದು ಇರಬಾರದು. ಬೆಳೆ ಕಾಯುವ ಕೋವಿಯ ಅಂಚು ದಪ್ಪ, ಸ್ಪ್ರಿಂಗ್ ಬಲ ಬೇರೆ, ಅಲ್ಲಿ ನಡೆಯುವ ಕೆಲಸ ಇಲ್ಲಿ ನಡೆಯುವುದಿಲ್ಲ.

ಬೈತಖೋಲ್ ತಮ್ಮ, ನೀನು ಹೇಳಿದ ರೂಲ್ ಸರಿ. ಆದರೆ ಮಿತಿ ಇಲ್ಲ ಅಂದ ಮಾತ್ರಕ್ಕೆ ಇಳಿಸುತ್ತ ಹೋಗಬೇಕು ಅಂತಲ್ಲ. ಕಲಿಯುವ ಕೈಗೆ ಟ್ರಿಗರ್ ಹಗುರ ಇರುವುದಕ್ಕಿಂತ ಪ್ರತಿ ಸಲ ಒಂದೇ ಥರ ಇರುವುದು ಮುಖ್ಯ. ಲೆಕ್ಕ ಹಾಕಿ ನೋಡು. ಗುರಿ ನೋಡುವ ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ನಡುವೆ ಮುಕ್ಕಾಲು ಮೀಟರ್ ಇದೆ ಅಂತಿಟ್ಟುಕೊಂಡರೆ, ನಳಿಕೆಯ ಬಾಯಿ ಕಾಲು ಮಿಲಿಮೀಟರ್ ಸರಿದರೆ ಸಾಕು, 10 ಮೀಟರ್ ಆಚೆ ಕಾರ್ಡಿನಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ದೂರ. ಒಂದು ರಿಂಗಿಗೂ ಇನ್ನೊಂದಕ್ಕೂ ಇರುವ ಅಂತರವೇ 2.5 ಮಿಲಿಮೀಟರ್, ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಈಗ ಬಿಡುತ್ತದೆ ಅಂದುಕೊಂಡಾಗ ಬಿಡದಿದ್ದರೆ ಬೆರಳು ಗಾಬರಿಯಿಂದ ಒಂಚೂರು ಜಾಸ್ತಿ ಒತ್ತುತ್ತದೆ. ಆ ಒಂಚೂರೇ ಎಂಟು. 140 ಗ್ರಾಮಿನ ಟ್ರಿಗರ್ ದಿನಾ 140ಕ್ಕೇ ಬಿಟ್ಟರೆ ಬೆರಳು ಕಲಿತುಕೊಳ್ಳುತ್ತದೆ. ಒಮ್ಮೆ 60, ಒಮ್ಮೆ 90 ಆದರೆ ಯಾರ ಬೆರಳೂ ಕಲಿಯುವುದಿಲ್ಲ.

ತಂಗಿ, ಈಗ ನಿಮ್ಮ ಕರಕರಕ್ಕೆ ಬರುವ. ಮಳೆಗಾಲದ ನಂತರ ಜಾಸ್ತಿಯಾಯಿತು ಅಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಕೋಡಿಬಾಗ ಅಂದರೆ ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಕಡಲು, ಉಪ್ಪಿನ ಗಾಳಿಗೆ ಅಡ್ಡವೇ ಇಲ್ಲ. ಹಳೇ ಗ್ರೀಸು ಒಣಗಿ ಅಂಟಾಗಿರುತ್ತದೆ, ಅದಕ್ಕೆ ಧೂಳು ಕೂತಿರುತ್ತದೆ, ಪಿನ್ನಿನ ಸುತ್ತ ಕಂದು ತುಕ್ಕು ಶುರುವಾಗಿರುತ್ತದೆ. ರೈಫಲ್ ಸ್ಪಂಜಿನ ಪೆಟ್ಟಿಗೆಯಲ್ಲೇ ಇಡುತ್ತೀರೋ ಹೇಗೆ? ಸ್ಪಂಜು ಮಳೆಗಾಲದ ತೇವ ಹಿಡಿದಿಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆಯಿಂದ ಹೊರಗೆ, ಬೀಗ ಹಾಕುವ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಬಿಚ್ಚುವ ಮೊದಲು ಎರಡು ವಿಷಯ ನೋಡಿ. ಒಳಗೆ ಪೆಲೆಟ್, ಅಂದರೆ ಸಣ್ಣ ಗುಂಡು, ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬೆರಳು ತಾಗುವ ಬ್ಲೇಡನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಅದನ್ನು ಹಳಿಯ ಮೇಲೆ ಹಿಡಿದಿಟ್ಟ ಪುಟ್ಟ ಸ್ಕ್ರೂ ಸಡಿಲಾಗಿದ್ದರೆ ಜಾರುವ ಅನುಭವ ಅಲ್ಲಿಂದಲೇ ಬರುತ್ತದೆ, ಜನ ಒಳಗೆಲ್ಲ ಹುಡುಕುತ್ತಾರೆ. ಎರಡನೆಯದು, ಮರದ ಹಿಡಿಗೆ ರೈಫಲ್ ಕೂರಿಸಿದ ದೊಡ್ಡ ಸ್ಕ್ರೂಗಳು ಬಿಗಿ ಇವೆಯೇ ಅಂತ.

ಆಮೇಲೆ ಶುಚಿ. ಮೊದಲು ಎಲ್ಲ ಸ್ಕ್ರೂ ತಲೆಗಳ ಫೋಟೋ ತೆಗೆದು, ಯಾವ ಗೆರೆ ಯಾವ ದಿಕ್ಕಿಗಿದೆ ಅಂತ ಕಾಗದದಲ್ಲಿ ಬರೆದಿಡಿ. ಟ್ರಿಗರ್ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಬೇಡಿ, ಹೊರಗಿಂದಲೇ ಆಗುತ್ತದೆ. ಸಿಗರೇಟ್ ಲೈಟರಿಗೆ ಹಾಕುವ ಪೆಟ್ರೋಲನ್ನು ಸಣ್ಣ ಬ್ರಶ್ಶಿಗೆ ತಕೊಂಡು ಸಂದಿ ತೊಳೆಯಿರಿ, ಹತ್ತಿಯಲ್ಲಿ ಒರೆಸಿ, ಮತ್ತೆ ತೊಳೆಯಿರಿ. ಕಿಟಕಿ ತೆರೆದಿರಲಿ, ದೇವರ ದೀಪ, ಒಲೆ ಹತ್ತಿರ ಬೇಡ. ಗಾಳಿಯ ಭಾಗದ ರಬ್ಬರ್ ರಿಂಗುಗಳಿಗೆ ಪೆಟ್ರೋಲ್ ತಾಗಿಸಬೇಡಿ. ಸೀಮೆಎಣ್ಣೆ ಬೇಡ, ಜಿಡ್ಡು ಉಳಿಸಿಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನು ಒಳಗೆ ಹೊಡೆಯಲೇಬೇಡಿ, ಕಂಪನಿ ಹಾಕಿದ ಗ್ರೀಸನ್ನೂ ತೊಳೆದು ಒಯ್ದು ಆಮೇಲೆ ತಾನೇ ಅಂಟಾಗುತ್ತದೆ.

ಹೊಲಿಗೆ ಮಷಿನ್ ಎಣ್ಣೆ ಕೇಳಿದಿರಿ. ಆಗುತ್ತದೆ, ಆದರೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಅದೂ ತಿರುಗುವ ಪಿನ್ನಿಗೆ ಮಾತ್ರ. ಹೆಚ್ಚಾದ ಎಣ್ಣೆ ಧೂಳು ಕರೆಯುತ್ತದೆ. ತೆಂಗಿನೆಣ್ಣೆ ಹಾಕಿದವರನ್ನು ನೋಡಿದ್ದೇನೆ. ಕರಾವಳಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಡಿಸೆಂಬರ್ ಬೆಳಗ್ಗೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಅದು 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುವ ಎಣ್ಣೆ, ಟ್ರಿಗರ್ ವಾಪಸ್ ಬರುವುದೇ ನಿಧಾನ.

ತೂಗುವುದು ಸುಲಭ. ಅರ್ಧ ಲೀಟರಿನ ಖಾಲಿ ಬಾಟಲಿಗೆ ಗಟ್ಟಿ ನೂಲು ಕಟ್ಟಿ, ತುದಿಗೆ ತಂತಿಯ ಕೊಕ್ಕೆ ಹಾಕಿ, ಚಿನ್ನದ ಅಂಗಡಿಯಲ್ಲಿ ಒಟ್ಟು ತೂಕ ಮಾಡಿಸಿಕೊಳ್ಳಿ. ಪೆಲೆಟ್ ಹಾಕದೆ, ಗಾಳಿ ಬಿಡದೆ ಟ್ರಿಗರ್ ಮಾತ್ರ ಬಿಡಿಸುವ ಡ್ರೈ ಫೈರ್ ಗುಂಡಿ ಇದ್ದರೆ ಅದಕ್ಕೆ ಹಾಕಿ, ರೈಫಲನ್ನು ನಳಿಕೆ ಮೇಲೆ ಮಾಡಿ ನೆಟ್ಟಗೆ ಹಿಡಿಯಿರಿ. ಯಾರೂ ಅದರ ಮೇಲೆ ಬಗ್ಗಬಾರದು. ಬೆರಳು ಕೂರುವ ಜಾಗಕ್ಕೇ ಕೊಕ್ಕೆ ಹಾಕಿ, ಮೇಲೆ ಕೆಳಗೆ ಆದರೆ ತೂಕ ಬದಲಾಗುತ್ತದೆ. ಔಷಧದ ಸಿರಿಂಜಿನಲ್ಲಿ ನೀರು ಹಾಕುತ್ತ ಹೋಗಿ. ಒಂದು ಎಂಎಲ್ ಅಂದರೆ ಒಂದು ಗ್ರಾಂ. ಬ್ಲೇಡ್ ಹಿಂದೆ ಬಂದು ನಿಂತಾಗಿನ ನೀರಿಗೆ ಬಾಟಲಿಯ ತೂಕ ಕೂಡಿಸಿ ಬರೆದುಕೊಳ್ಳಿ, ಅದು ಫಸ್ಟ್ ಸ್ಟೇಜ್. ಬಿಟ್ಟಾಗಿನದ್ದು, ಅದೇ ಥರ ಕೂಡಿಸಿ, ಪೂರ್ತಿ ತೂಕ. ನಾಲ್ಕೈದು ಸಲ ಮಾಡಿ. ಎಷ್ಟು ಬಂತು ಅನ್ನುವುದಕ್ಕಿಂತ ಒಂದಕ್ಕೊಂದು ಎಷ್ಟು ವ್ಯತ್ಯಾಸ ಬಂತು ಅನ್ನುವುದನ್ನು ಇಲ್ಲಿ ಹಾಕಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಳಿಕೆ ಮುರಿದು ಲೋಡ್ ಮಾಡುವ ಸ್ಪ್ರಿಂಗ್ ರೈಫಲ್ಲಿಗೆ ಪೆಲೆಟ್ ಇಲ್ಲದೆ ಹೊಡೆದು ನೋಡುವುದು ಬೇಡ. ಎದುರಿಗೆ ಗಾಳಿಯ ತಡೆ ಇಲ್ಲದೆ ಪಿಸ್ಟನ್ ಹೋಗಿ ಬಡಿಯುತ್ತದೆ. ಅದರ ಸಿಯರ್ ಆ ದೊಡ್ಡ ಸ್ಪ್ರಿಂಗಿನ ಬಲ ಪೂರ್ತಿ ಹೊತ್ತಿರುತ್ತದೆ, ಮ್ಯಾಚ್ ಟ್ರಿಗರಿನ ಹಗುರ ಅದರಿಂದ ನಿರೀಕ್ಷಿಸಬಾರದು.


ಕೋಡಿಬಾಗ ಟೇಲರ್:

ಅಣ್ಣ, ತುಂಬ ಉಪಕಾರ ಆಯಿತು. ತಿಕ್ಕಿಸುವುದು ಬೇಡ ಅಂತ ಹೇಳಿದೆ.

ಬ್ಲೇಡ್ ಅಲ್ಲಾಡುವುದಿಲ್ಲ, ಗಟ್ಟಿ ಇದೆ. ತೊಳೆಯುವ ಮೊದಲು ತೂಗಿದರೆ ಒಮ್ಮೆ 135, ಮತ್ತೆ 170, ಮತ್ತೆ 150, ಹೀಗೆ. ತೊಳೆದಾಗ ಹತ್ತಿಯಲ್ಲಿ ಅರಿಶಿನ ಬಣ್ಣದ ಅಂಟು ಬಂತು, ಕೊನೆಕೊನೆಗೆ ಬರೀ ಕಂದು ನೀರು. ಪಿನ್ನಿಗೆ ಸೂಜಿಯಲ್ಲಿ ಎಣ್ಣೆ ಮುಟ್ಟಿಸಿದೆ. ಈಗ 140, 144, 141, 143. ಇದರಲ್ಲಿ ಮೊದಲ ತಡೆಗೆ ಬರುವುದು 70ರ ಹತ್ತಿರ. ಕರಕರ ಹೋಗಿದೆ. ಮಗಳು ಬೆರಳಿಟ್ಟು ಸುಮ್ಮನೆ ನನ್ನ ಮುಖ ನೋಡಿದಳು, ಆಮೇಲೆ ನಕ್ಕಳು.

ಆದರೆ ತಡೆಗೆ ಬಂದ ಮೇಲೆ ಒಂದು ಸಣ್ಣ ಜಾರುವಿಕೆ ಇನ್ನೂ ಇದೆ, ಈಗ ನುಣ್ಣಗೆ ಜಾರುತ್ತದೆ. ಬಲಕ್ಕೆ ಹೋಗುವ ಏಟು ಕಡಿಮೆಯಾಗಿದೆ, ನಿಂತಿಲ್ಲ. ಇನ್ನೂ ವೇಟ್ ಇಳಿಸಬೇಕೇ? ಕೈಪಿಡಿಯ ಪುಟದ ಫೋಟೋ ಹಾಕಿದ್ದೇನೆ.


ಕುಮಟಾದ ಶೂಟರ್:

ಆಂಟಿ, ನಾನೂ ಏರ್ ರೈಫಲ್ ಹೊಡೆಯುವವಳು. ಬಲಕ್ಕೆ ಹೋಗುವುದು ಪೂರ್ತಿ ಟ್ರಿಗರಿನದ್ದಲ್ಲ ಅನಿಸುತ್ತದೆ. ಅವಳು ಬಲಗೈಯವಳಾದರೆ ಬೆರಳು ಎಲ್ಲಿ ಕೂರುತ್ತದೆ ಅಂತ ಪಕ್ಕದಿಂದ, ಮೇಲಿಂದ ಎರಡೂ ಕಡೆ ವಿಡಿಯೋ ಮಾಡಿ. ಬ್ಲೇಡ್ ತಾಗಬೇಕಾದದ್ದು ಬೆರಳ ತುದಿಯ ಮೆತ್ತೆಗೆ, ಉಗುರಿನ ಹಿಂಬದಿಗೆ ಸರಿಯಾಗಿ. ಮೊದಲ ಗೆಣ್ಣಿನ ಗೆರೆವರೆಗೆ ಬೆರಳು ಒಳಗೆ ಹೋದರೆ ಎಳೆಯುವಾಗ ರೈಫಲನ್ನೂ ಬಲಕ್ಕೆ ಎಳೆಯುತ್ತದೆ.

ಇನ್ನೊಂದು, ಬೆರಳ ಬದಿ ಮರಕ್ಕೆ ತಾಗುತ್ತಿರಬಾರದು. ಬೆರಳಿಗೂ ಹಿಡಿಗೂ ನಡುವೆ ಒಂದು ಕಾಗದ ಓಡಾಡುವಷ್ಟು ಜಾಗ ಇರಲಿ. ನಮ್ಮ ಕಡೆ ಸೆಕೆಗೆ ಬೆವತ ಬೆರಳು ಮರಕ್ಕೆ ಅಂಟಿ, ಬಿಟ್ಟು, ಅಂಟಿ ಬರುತ್ತದೆ. ಅದು ಟ್ರಿಗರೇ ತೊಡರಿದ ಹಾಗೆ ಅನಿಸುತ್ತದೆ. ಸಣ್ಣ ಕೈ ಇದ್ದರೆ ಬ್ಲೇಡನ್ನು ಹಳಿಯಲ್ಲಿ ಹಿಂದಕ್ಕೆ ತನ್ನಿ, ಬೆರಳು ನೇರ ಹಿಂದಕ್ಕೆ ಮಡಚುವ ಹಾಗೆ. ಹಿಂದೆ ಇಟ್ಟುಕೊಂಡಿದ್ದವರ ಕೈ ದೊಡ್ಡದಿದ್ದಿರಬಹುದು. ಬ್ಲೇಡ್ ಸರಿಸಿದ ಮೇಲೆ ಕೋಚ್‌ಗೆ ತೋರಿಸಿ.


ಗಡಿಯಾರದಂಗಡಿ (ಶಿರಸಿ):

ಕುಮಟಾದ ತಂಗಿ ಸರಿಯಾಗಿ ಹೇಳಿದಳು. ಅದನ್ನೇ ಮೊದಲು ಮಾಡಿ, ಬ್ಲೇಡ್ ಜಾಗ ಬದಲಾದರೆ ತೂಕವೂ ಒಂಚೂರು ಬದಲಾಗುತ್ತದೆ, ಹಾಗಾಗಿ ಸ್ಕ್ರೂ ಕೆಲಸ ಅದರ ನಂತರ.

170ಕ್ಕೂ 135ಕ್ಕೂ ಓಲಾಡುತ್ತಿದ್ದದ್ದು ನಾಲ್ಕು ಗ್ರಾಮಿನೊಳಗೆ ಬಂತಲ್ಲ, ನನಗೆ ಅದೇ ದೊಡ್ಡ ಸಂತೋಷ. ಪೂರ್ತಿ ತೂಕ ಸದ್ಯ ಇಳಿಸಬೇಡಿ. ಅದನ್ನು ಹಂಚುವುದನ್ನು ಬದಲಿಸುವ. ಈಗ ಅರ್ಧ ಮೊದಲ ತಡೆಗೆ, ಅರ್ಧ ಬಿಡುವುದಕ್ಕೆ ಇದೆ. ಮೊದಲ ಸ್ಟೇಜಿನ ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿ, ಎರಡನೆಯದನ್ನು ಸ್ವಲ್ಪ ಸಡಿಲಿಸಿ, 95 ಮತ್ತು 45ರ ಹತ್ತಿರ ತನ್ನಿ. ತಡೆಗೆ ಬಂದು ನಿಂತಾಗಲೇ ಬೆರಳು ಹೆಚ್ಚಿನ ಭಾರ ಹೊತ್ತಿರುತ್ತದೆ, ಬಿಡಲು ಉಳಿದದ್ದು ಕಡಿಮೆ. ಕೋಚ್ ಬೇರೆ ಹೇಳಿದರೆ ಅವರ ಮಾತು ಕೇಳಿ, ಅವಳನ್ನು ಕಣ್ಣಾರೆ ನೋಡುವವರು ಅವರು.

ನುಣ್ಣಗೆ ಜಾರುವುದು ಉಳಿದಿದೆ ಅಂದಿರಲ್ಲ, ಅದು ಕೊಳೆಯಲ್ಲ. ಸಿಯರ್ ಅಂಚುಗಳು ಬೇಕಾದ್ದಕ್ಕಿಂತ ಹೆಚ್ಚು ಆಳ ಕೂತಿವೆ, ಸರಿಯುವ ದಾರಿ ಉದ್ದವಾಗಿದೆ. ಅದಕ್ಕೇ ಬೇರೆ ಸ್ಕ್ರೂ ಇರುತ್ತದೆ. ನೀವು ಹಾಕಿದ ಪುಟದಲ್ಲಿ ಸಿಯರ್ ಎಂಗೇಜ್‌ಮೆಂಟ್ ಅಂತ ಬಾಣದ ಗುರುತು ಇರುವುದೇ ಅದು. ದಿಕ್ಕು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯ ಬಾಣವನ್ನೇ ನಂಬಿ, ನನ್ನ ನೆನಪನ್ನೂ ನಂಬಬೇಡಿ. ಸರಿಯಾದ ಅಲೆನ್ ಕೀ ಬಳಸಿ, ಒಂಚೂರು ಸಡಿಲ ಕೂರುವ ಕೀ ಸ್ಕ್ರೂವಿನ ತಲೆ ತಿಂದುಬಿಡುತ್ತದೆ.

ಮೊದಲು ಟ್ರಿಗರ್ ಹಿಂದೆ ತಡೆಯುವ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ನಡುವೆ ಅದು ಅಡ್ಡ ಬಂದು ಗೊಂದಲ. ಆಮೇಲೆ ಸಿಯರ್ ಸ್ಕ್ರೂವನ್ನು ಒಂದು ಸುತ್ತಿನ ಎಂಟನೇ ಒಂದು ಪಾಲು ತಿರುಗಿಸಿ, ಕಾಕ್ ಮಾಡಿ, ಅಂದರೆ ಸುತ್ತಿಗೆಯನ್ನು ಹಿಂದಕ್ಕೆ ಸಜ್ಜು ಮಾಡಿ, ಖಾಲಿ ಬಿಟ್ಟು ನೋಡಿ. ಹಾಗೇ ಒಂದೊಂದು ಪಾಲು. ಒಂದು ಹಂತದಲ್ಲಿ ಜಾರುವುದು ನಿಂತು, ತಡೆಯಿಂದ ನೇರ ಬಿಡುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ವಾಪಸ್ ಎಂಟನೇ ಒಂದು ಪಾಲು ಆಳಕ್ಕೆ ತನ್ನಿ. ಇನ್ನೂ ಚುರುಕಾಗಲಿ ಅಂತ ಆ ಪಾಲನ್ನೂ ಬಿಡದೆ ಇಡುವವರಿದ್ದಾರೆ. ಸವೆತಕ್ಕೆ, ಚಳಿ ಸೆಕೆಗೆ ಜಾಗ ಉಳಿಯುವುದೇ ಆ ಒಂದು ಪಾಲಿನಲ್ಲಿ. ಈ ಸ್ಕ್ರೂ ತಿರುಗಿಸಿದರೆ ಮೊದಲ ಸ್ಟೇಜಿನ ಉದ್ದವೂ ಹೆಚ್ಚು ಕಡಿಮೆ ಆಗುವ ಮಾದರಿಗಳಿವೆ, ಹಾಗಾದರೆ ಅದನ್ನು ಮತ್ತೆ ಹೊಂದಿಸಿಕೊಳ್ಳಿ.

ಕೊನೆಗೆ ಹಿಂದಿನ ತಡೆ. ರೈಫಲ್ ಬಿಡದ ಹಂತದವರೆಗೆ ಬಿಗಿ ಮಾಡಿ, ಬಿಡುವವರೆಗೆ ಸಡಿಲಿಸಿ, ಅಲ್ಲಿಂದ ಕಾಲು ಸುತ್ತು ಹೆಚ್ಚು ಸಡಿಲ. ತೀರ ಹತ್ತಿರ ಇಟ್ಟರೆ ಒಂದು ದಿನ ಧೂಳಿನ ಕಣ ಕೂತು ಪಂದ್ಯದ ನಡುವೆ ಬಿಡುವುದೇ ಇಲ್ಲ.

ಈಗ ಬಿಡಲೇಬಾರದ ಪರೀಕ್ಷೆ. ಪೆಲೆಟ್ ಇಲ್ಲದೆ ಕಾಕ್ ಮಾಡಿ, ಟ್ರಿಗರ್ ಮುಟ್ಟದೆ, ದಪ್ಪ ರಬ್ಬರ್ ಮ್ಯಾಟಿನ ಮೇಲೆ ಹಿಡಿಯ ಹಿಂಭಾಗವನ್ನು ಗೇಣೆತ್ತರದಿಂದ ಕುಕ್ಕಿ. ಎಡಬದಿ ಬಲಬದಿ ಅಂಗೈಯಿಂದ ತಟ್ಟಿ. ಬೋಲ್ಟನ್ನು ಮಗಳು ಹಾಕುವುದಕ್ಕಿಂತ ಜೋರಾಗಿ ಹಾಕಿ. ಮತ್ತೆ ಮತ್ತೆ ಮಾಡಿ. ಒಂದೇ ಒಂದು ಸಲ ತಾನಾಗಿ ಬಿಟ್ಟರೂ ಸಿಯರ್ ಸ್ಕ್ರೂ ಇನ್ನಷ್ಟು ಆಳಕ್ಕೆ ಹೋಗಬೇಕು, ಅಷ್ಟರವರೆಗೆ ಅದರಲ್ಲಿ ಪೆಲೆಟ್ ಹಾಕಬಾರದು. ಆಳಕ್ಕೆ ತಂದರೂ ಬಿಡುತ್ತಿದ್ದರೆ ಅಂಚು ಸವೆದಿದೆ. ಆಗ ತಿಕ್ಕುವುದಲ್ಲ, ಆ ತುಂಡನ್ನೇ ಬದಲಾಯಿಸಬೇಕು.

ಎಲ್ಲ ಸರಿ ಬಂದ ಮೇಲೆ ಸ್ಕ್ರೂ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ನೈಲ್ ಪಾಲಿಶಿನ ಒಂದು ಗೆರೆ ಎಳೆಯಿರಿ. ತಾನಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಸ್ಕ್ರೂ ಅಂಟಿಸುವ ಗಟ್ಟಿ ಗೋಂದು ಬೇಡ. ಹೊಸ ತೂಕವನ್ನು ತಾರೀಖಿನ ಜೊತೆ ಪುಸ್ತಕದಲ್ಲಿ ಬರೆದಿಡಿ, ಸೈಟನ್ನು ಮತ್ತೆ ಝೀರೋ ಮಾಡಿಸಿ, ಅಂದರೆ ಏಟು ಗುರಿಯ ನಡುವೆ ಬೀಳುವ ಹಾಗೆ ಹೊಂದಿಸಿ. ಯಾವುದಾದರೂ ಪಂದ್ಯ ಹತ್ತಿರ ಇದ್ದರೆ ಈ ಕೆಲಸ ಅದಾದ ಮೇಲೆ, ಬೆರಳಿಗೆ ಹೊಸ ಟ್ರಿಗರ್ ರೂಢಿಯಾಗಲು ಕೆಲವು ವಾರ ಬೇಕು.


ಕೋಡಿಬಾಗ ಟೇಲರ್:

ಪಂದ್ಯ ಇರುವುದು ಮುಂದಿನ ತಿಂಗಳ ಕೊನೆಗೆ ಅಣ್ಣ. ಬೆರಳ ವಿಡಿಯೋ ಇವತ್ತೇ ಮಾಡಿದೆವು, ಕುಮಟಾದ ಹುಡುಗಿ ಹೇಳಿದ ಹಾಗೇ ಗೆಣ್ಣಿನ ಗೆರೆವರೆಗೆ ಹೋಗುತ್ತಿದೆ, ಮರಕ್ಕೂ ತಾಗುತ್ತಿದೆ. ಬ್ಲೇಡ್ ಮಾತ್ರ ಈಗ ಸರಿಸುತ್ತೇವೆ. ಸ್ಕ್ರೂ ಕೆಲಸ ಪಂದ್ಯ ಮುಗಿಸಿಕೊಂಡು.


ಗಡಿಯಾರದಂಗಡಿ (ಶಿರಸಿ):

ಅಷ್ಟೇ ಸಾಕು ತಂಗಿ. ಬ್ಲೇಡ್ ಸರಿಸಿದ ಮೇಲೆ ಇನ್ನೊಮ್ಮೆ ತೂಗಿ ನಾಲ್ಕು ಅಂಕಿ ಹಾಕಿ. ಪಂದ್ಯ ಆದ ಮೇಲೆ ಸಿಯರ್ ಸ್ಕ್ರೂವಿಗೆ ಕೈ ಹಾಕಲು ಧೈರ್ಯ ಬರದಿದ್ದರೆ, ಶಿರಸಿ ಕಡೆ ಬಂದಾಗ ಅವಳನ್ನೂ ಕರೆದುಕೊಂಡು ಅಂಗಡಿಗೆ ಬನ್ನಿ, ಮೂವರೂ ಕೂತು ಮಾಡುವ. ಸಿಲಿಂಡರ್ ಬಿಚ್ಚಿ ಬೇರೆ ತನ್ನಿ.